ಗೊಬ್ಬರದ ಕೋಣೆಯ ಬಾಗಿಲು ತೆರೆಯುವವರು ಯಾರು

ಮನುಷ್ಯನ ಮಲಮೂತ್ರವನ್ನು ನೀರಿನಲ್ಲಿ ಕಲಸಿ ದೂರಕ್ಕೆ ತಳ್ಳುವ ಬದಲು ಬಿದ್ದಲ್ಲೇ ಬೇರ್ಪಡಿಸಿ, ರೋಗಾಣುಗಳು ಸಾಯುವಷ್ಟು ಕಾಲ ಕೂಡಿಟ್ಟು, ಕೊನೆಗೆ ಗೊಬ್ಬರವಾಗಿ ಹೊಲಕ್ಕೆ ಸೇರಿಸುವ ವ್ಯವಸ್ಥೆಗೆ ಪರಿಸರಸ್ನೇಹಿ ನೈರ್ಮಲ್ಯವೆಂದು ಹೆಸರು. ಈ ಕ್ಷೇತ್ರದಲ್ಲಿ ದುಡಿಯುವವರು ಅದನ್ನು ಚಿಕ್ಕದಾಗಿ ಇಕೋಸ್ಯಾನ್ ಎನ್ನುತ್ತಾರೆ. ಒಳಚರಂಡಿ ತಲುಪದ, ತಲುಪಿದರೂ ಅದರ ನೀರನ್ನು ಶುದ್ಧಗೊಳಿಸುವ ಏರ್ಪಾಡಿಲ್ಲದ ಸಣ್ಣ ಪಟ್ಟಣಗಳ ಬಡ ಕೇರಿಗಳಿಗೆ ಇದು ಹೊಂದುವುದೇ ಎಂಬ ಪ್ರಶ್ನೆಯನ್ನು ಮುಂದಿನ ಸಂವಾದದಲ್ಲಿ ಇಬ್ಬರು ಎತ್ತಿಕೊಂಡಿದ್ದಾರೆ. ಮೊದಲನೆಯವರು ಮಣ್ಣಿನ ಫಲವತ್ತತೆಯನ್ನು ಅಭ್ಯಾಸ ಮಾಡಿದವರು. ಎರಡನೆಯವರು ಪೌರಕಾರ್ಮಿಕರ ಬದುಕನ್ನೂ ಮಲ ಹೊರುವ ಪದ್ಧತಿಯ ಚರಿತ್ರೆಯನ್ನೂ ಹತ್ತಿರದಿಂದ ಬಲ್ಲವರು. ಚರ್ಚೆಗೆ ನೆಲವಾಗಿರುವುದು ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡು.

ಮೊದಲನೆಯವರು: ಈ ಮೂರು ಊರುಗಳು ಒಂದೇ ಜಿಲ್ಲೆಯೊಳಗಿದ್ದರೂ ಅವುಗಳ ನೆಲ ಮತ್ತು ನೀರು ಬೇರೆ ಬೇರೆ. ಅರಸೀಕೆರೆ ಬಯಲುಸೀಮೆಯ ಊರು. ಮಳೆ ಕಡಿಮೆ, ಬರ ಪದೇ ಪದೇ, ಬದುಕು ತೆಂಗು ಮತ್ತು ಕೊಬ್ಬರಿಯ ಮೇಲೆ ನಿಂತಿದೆ. ಬೇಲೂರು ಯಗಚಿ ನದಿಯ ದಡದಲ್ಲಿ, ಮಲೆನಾಡಿನ ಅಂಚಿನಲ್ಲಿದೆ. ಅಲ್ಲಿ ಕಾಫಿ ತೋಟಗಳು ಆರಂಭವಾಗುತ್ತವೆ, ಮಳೆಗಾಲದಲ್ಲಿ ನೆಲ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಬೇಲೂರಿನಿಂದ 16 ಕಿಲೋಮೀಟರ್ ದೂರದ ಹಳೇಬೀಡು ದ್ವಾರಸಮುದ್ರವೆಂಬ ದೊಡ್ಡ ಕೆರೆಯ ಪಕ್ಕದಲ್ಲಿ, ಹೊಯ್ಸಳರ ರಾಜಧಾನಿಯ ಅವಶೇಷಗಳ ಮೇಲೆಯೇ ಬೆಳೆದ ಊರು. ಯಗಚಿಯ ನೀರನ್ನು ರಣಘಟ್ಟದ ಬಳಿಯಿಂದ ಆ ಕೆರೆಗೆ ಹರಿಸಬೇಕೆಂದು ಸುತ್ತಲಿನ ರೈತರು ಹೋರಾಡಿದ ಸಂಗತಿಯೇ ಅಲ್ಲಿ ನೀರಿನ ಬೆಲೆ ಎಷ್ಟೆಂಬುದನ್ನು ತಿಳಿಸುತ್ತದೆ. ಕುಡಿಯಲು ನೀರನ್ನು ಎಣಿಸಿ ಹಿಡಿದಿಡುವ ಮನೆಯವರಿಗೆ, ಒಮ್ಮೆ ಒತ್ತಿದರೆ ಆರು ಲೀಟರೋ ಹತ್ತು ಲೀಟರೋ ಹರಿದುಹೋಗುವ ಶೌಚಾಲಯವನ್ನು ಅಭಿವೃದ್ಧಿಯ ಏಕೈಕ ರೂಪವೆಂದು ತೋರಿಸುವುದು ಸರಿಯಲ್ಲ. ಇಂತಹ ಕಡೆ ನೀರು ಬೇಡದ, ಗೊಬ್ಬರ ಕೊಡುವ ಶೌಚಾಲಯವನ್ನು ಗಂಭೀರವಾಗಿ ಪರಿಶೀಲಿಸಬೇಕು.

ಎರಡನೆಯವರು: ಪರಿಶೀಲಿಸುವ ಮುನ್ನ ನೀರಿಲ್ಲದ ಶೌಚಾಲಯದ ಚರಿತ್ರೆಯನ್ನು ನೆನೆಯಬೇಕು. ಈ ನಾಡಿನಲ್ಲಿ ಒಣ ಶೌಚಾಲಯವೆಂದರೆ, ಮನೆಯ ಹಿಂಬದಿಯ ಸಣ್ಣ ಕಿಂಡಿಯಿಂದ ಒಂದೇ ಜಾತಿಗೆ ಸೇರಿದ ಹೆಂಗಸರು, ಗಂಡಸರು ಪ್ರತಿದಿನ ಬೆಳಗ್ಗೆ ಹಸಿ ಮಲವನ್ನು ಬಳಿದು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದ ಏರ್ಪಾಡು. ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರ ಸರ್ಕಾರ ಈ ಬಗ್ಗೆ ಕಾಯ್ದೆ ತಂದದ್ದು 1993ರಲ್ಲಿ. ಆದರೂ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಒಣ ಶೌಚಾಲಯಗಳು ಉಳಿದಿದ್ದವು. ಅಲ್ಲಿಯೇ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಆ ಅವಮಾನವನ್ನು ಕೊನೆಗಾಣಿಸುವ ಚಳವಳಿಯನ್ನು ಕಟ್ಟಿದರು, ಆ ಕೆಲಸಕ್ಕಾಗಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಜನ ತಮ್ಮ ನೆಲೆಗಾಗಿ ಪ್ರತಿಭಟಿಸುತ್ತ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡಾಗ, ನಿಷೇಧವಾಗಿ ದಶಕಗಳು ಕಳೆದರೂ ಯಾರ ಬದುಕು ಎಲ್ಲಿ ನಿಂತಿದೆ ಎಂಬುದು ಇಡೀ ರಾಜ್ಯಕ್ಕೆ ಕಂಡಿತು. ಇಷ್ಟೆಲ್ಲ ಆದ ಮೇಲೆ ಬಡವರ ಕೇರಿಗೆ ಮತ್ತೆ ಒಣ ಶೌಚಾಲಯ ತನ್ನಿ ಎಂದರೆ ಆ ಕೇರಿಯವರು ಅನುಮಾನಿಸದೆ ಇರುವುದಾದರೂ ಹೇಗೆ?

ಮೊದಲನೆಯವರು: ಅನುಮಾನ ನ್ಯಾಯವಾದದ್ದು. 1993ರ ಕಾಯ್ದೆಯೂ ಅದೇ ಅನುಮಾನದಿಂದ ಹುಟ್ಟಿದ್ದು; ಬಾಗಿದ ಕೊಳವೆಯಲ್ಲಿ ನೀರು ನಿಂತು ವಾಸನೆಯನ್ನು ತಡೆಯುವ ರಚನೆ ಇಲ್ಲದ ಪ್ರತಿಯೊಂದು ಶೌಚಾಲಯವನ್ನೂ ಅದು ಒಣ ಶೌಚಾಲಯವೆಂದೇ ಗಣಿಸಿತು. ಆದರೆ 2013ರಲ್ಲಿ ಬಂದ ಎರಡನೆಯ ಕಾಯ್ದೆ ಗೆರೆಯನ್ನು ಬೇರೆ ಕಡೆ ಎಳೆಯಿತು. ಮಲವು ಪೂರ್ತಿಯಾಗಿ ಕೊಳೆತು ಮುಗಿಯುವ ಮುನ್ನ ಮನುಷ್ಯನ ಕೈಯಿಂದ ತೆಗೆಯಬೇಕಾಗಿ ಬರುವ ಶೌಚಾಲಯವೇ ಅನೈರ್ಮಲ್ಯದ ಶೌಚಾಲಯ ಎಂದು ಅದು ಹೇಳುತ್ತದೆ. ಕೊಳವೆಯಲ್ಲಿ ನೀರಿದೆಯೇ ಎಂದು ಹಳೆಯ ಕಾಯ್ದೆ ನೋಡಿದರೆ, ತೆಗೆಯುವ ಹೊತ್ತಿಗೆ ಒಳಗಿರುವುದು ಮಲವೋ ಮಣ್ಣೋ ಎಂದು ಹೊಸ ಕಾಯ್ದೆ ನೋಡುತ್ತದೆ. ಇಕೋಸ್ಯಾನಿನ ನ್ಯಾಯ ಅನ್ಯಾಯಗಳು ಇತ್ಯರ್ಥವಾಗಬೇಕಾದದ್ದು ಈ ಗೆರೆಯ ಮೇಲೆಯೇ.

ಎರಡನೆಯವರು: ಅದೇ ಕಾಯ್ದೆಯಲ್ಲಿ ರೈಲು ಬೋಗಿಗಳಿಗೆ ಒಂದು ವಿನಾಯಿತಿ ಇರುವುದನ್ನು ಅರಸೀಕೆರೆಯಂತಹ ಜಂಕ್ಷನ್ನಿನ ಸಂದರ್ಭದಲ್ಲಿ ಮರೆಯಲಾಗದು. ಬೆಂಗಳೂರು ಹುಬ್ಬಳ್ಳಿ ಮಾರ್ಗವೂ ಹಾಸನದ ಕಡೆಯ ಮಾರ್ಗವೂ ಕೂಡುವ ಆ ನಿಲ್ದಾಣದಲ್ಲಿ, ದೇಶದ ಉಳಿದೆಲ್ಲ ನಿಲ್ದಾಣಗಳಲ್ಲಿದ್ದಂತೆಯೇ, ಬೋಗಿಗಳ ಮಲ ನೇರವಾಗಿ ಹಳಿಯ ಮೇಲೆ ಬೀಳುತ್ತಿತ್ತು. ಅದನ್ನು ರಕ್ಷಣಾ ಸಾಧನಗಳನ್ನು ಧರಿಸಿ ತೆಗೆದರೆ ಅದು ಮಲ ಹೊರುವ ಕೆಲಸವಾಗದು ಎಂಬ ಅರ್ಥ ಆ ವಿನಾಯಿತಿಯಿಂದ ಬಂತು. ಕೈಗವಸು ತೊಡಿಸಿದ ಮಾತ್ರಕ್ಕೆ ಕೆಲಸದ ಸ್ವರೂಪ ಬದಲಾಗದು.

ಮೊದಲನೆಯವರು: ಬದಲಾದದ್ದು ತಂತ್ರ ಬದಲಾದ ಮೇಲೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಹಿಮಪ್ರದೇಶದ ಸೈನಿಕರಿಗಾಗಿ ರೂಪಿಸಿದ್ದ ವಿಧಾನವನ್ನು ರೈಲ್ವೆಯೊಡನೆ ಸೇರಿ ಬೋಗಿಗಳಿಗೆ ಅಳವಡಿಸಿತು. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಬೋಗಿಯ ಅಡಿಯ ತೊಟ್ಟಿಯಲ್ಲೇ ಮಲವನ್ನು ಅನಿಲ ಮತ್ತು ನೀರಾಗಿ ಒಡೆಯುವ ಈ ಬಯೋ ಟಾಯ್ಲೆಟ್‌ಗಳು 2020ರ ಹೊತ್ತಿಗೆ ಬಹುತೇಕ ಎಲ್ಲ ಪ್ರಯಾಣಿಕ ಬೋಗಿಗಳಿಗೂ ಬಂದವು. ಹಳಿಯ ಪಕ್ಕದ ಊರುಗಳಿಗೆ ಇದು ದೊಡ್ಡ ಉಪಕಾರ. ಆದರೆ ಹಳಿಯಿಂದ ನೂರು ಗಜ ಆಚೆಗಿನ ಕೇರಿಗಳ ಪ್ರಶ್ನೆ ಹಾಗೆಯೇ ಉಳಿದಿದೆ.

ಎರಡನೆಯವರು: ಹಾಗಾದರೆ ಗೊಬ್ಬರದ ಶೌಚಾಲಯದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕೇರಿಯ ಹೆಣ್ಣುಮಗಳಿಗೆ ಹೇಳುವಂತೆ ಹೇಳಬೇಕು.

ಮೊದಲನೆಯವರು: ನೆಲದ ಮೇಲೆ, ಮೊಣಕಾಲೆತ್ತರಕ್ಕಿಂತ ತುಸು ಹೆಚ್ಚಾಗಿ, ಇಟ್ಟಿಗೆಯಲ್ಲಿ ಎರಡು ಕೋಣೆಗಳನ್ನು ಅಕ್ಕಪಕ್ಕ ಕಟ್ಟುತ್ತಾರೆ, ಅವುಗಳ ಮೇಲೆ ಕೂರುವ ಹಲಗೆ. ಹಲಗೆಯಲ್ಲಿ ಹಿಂದಿನ ರಂಧ್ರದಿಂದ ಮಲ ಕೆಳಗಿನ ಕೋಣೆಗೆ ಬೀಳುತ್ತದೆ, ಮುಂದಿನ ತಟ್ಟೆಯಿಂದ ಮೂತ್ರ ಕೊಳವೆಯ ಮೂಲಕ ಬೇರೊಂದು ಡಬ್ಬಿಗೆ ಹೋಗುತ್ತದೆ. ತೊಳೆಯಲು ಒಂದು ಹೆಜ್ಜೆ ಸರಿದು ಕೂರುವ ಮೂರನೆಯ ಜಾಗವಿರುತ್ತದೆ, ಆ ನೀರು ಕಾಬಾಳೆ ನೆಟ್ಟ ಪಾತಿಗೆ ಹರಿಯುತ್ತದೆ. ಈ ಮೂರನೆಯ ಜಾಗ, ನೀರಿನಿಂದ ತೊಳೆದುಕೊಳ್ಳುವ ಜನರಿಗಾಗಿ ಮಾಡಿದ ಮಾರ್ಪಾಡು. 1990ರ ದಶಕದಲ್ಲಿ ಕೇರಳದ ಮೀನುಗಾರರ ಹಳ್ಳಿಗಳಲ್ಲಿ ಪಾಲ್ ಕಾಲ್ವರ್ಟ್ ಎಂಬ ಎಂಜಿನಿಯರ್ ಇದನ್ನು ಕಟ್ಟಿ ತೋರಿಸಿದರು. ಒಬ್ಬೊಬ್ಬರೂ ಎದ್ದ ಮೇಲೆ ಒಂದು ಹಿಡಿ ಬೂದಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಮೇಲೆ ಉದುರಿಸಬೇಕು. ಮೊದಲ ಕೋಣೆ ತುಂಬಿದಾಗ ಅದನ್ನು ಮುಚ್ಚಿ ಎರಡನೆಯದನ್ನು ಬಳಸಬೇಕು. ಎರಡನೆಯದು ತುಂಬುವವರೆಗೆ ಮೊದಲನೆಯದನ್ನು ಯಾರೂ ಮುಟ್ಟುವಂತಿಲ್ಲ.

ಎರಡನೆಯವರು: ಮುಚ್ಚಿದ ಕೋಣೆಯಲ್ಲಿ ಅದು ತಾನಾಗಿ ಗೊಬ್ಬರವಾಗುತ್ತದೆಯೇ?

ಮೊದಲನೆಯವರು: ಇಲ್ಲಿ ಪ್ರಚಾರದ ಮಾತನ್ನೂ ವಿಜ್ಞಾನವನ್ನೂ ಬೇರ್ಪಡಿಸಬೇಕು. ನಿಜವಾದ ಕಾಂಪೋಸ್ಟ್ ಆಗಬೇಕಾದರೆ ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 30ಕ್ಕೆ 1 ಇರಬೇಕು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೇವವಿರಬೇಕು, ಗಾಳಿಯಾಡಬೇಕು. ಆಗ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ರಾಶಿ 50 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗುತ್ತದೆ, ಆ ಬಿಸಿಯಲ್ಲಿ ರೋಗಾಣುಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಒಂದು ಮನೆಯ ಸಣ್ಣ ಕೋಣೆಯಲ್ಲಿ ಅಷ್ಟು ಬಿಸಿ ಏಳುವುದು ಅಪರೂಪ. ಅಲ್ಲಿ ಕೆಲಸ ಮಾಡುವುದು ಒಣಗುವಿಕೆ, ಬೂದಿಯ ಕ್ಷಾರ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕಾಲ. ಜಂತುಹುಳುವಿನ ಮೊಟ್ಟೆ ಗಟ್ಟಿ ಜೀವ. ಉಳಿದ ರೋಗಾಣುಗಳೆಲ್ಲ ಸತ್ತ ಮೇಲೂ ಅದು ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2006ರ ಮಾರ್ಗಸೂಚಿಯಲ್ಲಿ, ವಾತಾವರಣ 20ರಿಂದ 35 ಡಿಗ್ರಿ ಇರುವ ಕಡೆ ಒಂದು ವರ್ಷಕ್ಕೂ ಹೆಚ್ಚು ಕಾಲ, ಅದಕ್ಕಿಂತ ತಂಪಾದ ಕಡೆ ಒಂದೂವರೆಯಿಂದ ಎರಡು ವರ್ಷ ಮಲವನ್ನು ಕೂಡಿಡಬೇಕೆಂದು ಹೇಳಿತು. ಒಂದು ಗ್ರಾಂ ಒಣ ಗೊಬ್ಬರದಲ್ಲಿ ಒಂದಕ್ಕಿಂತ ಕಡಿಮೆ ಜಂತುಮೊಟ್ಟೆ ಇರಬೇಕೆಂಬ ಮಿತಿಯನ್ನೂ ಹಾಕಿತು. ಹಾಸನ ಜಿಲ್ಲೆಯ ಚಳಿಗಾಲದ ರಾತ್ರಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅರಸೀಕೆರೆಗೂ ಬೇಲೂರಿಗೂ ಒಂದೂವರೆ ವರ್ಷವನ್ನು ಕನಿಷ್ಠವೆಂದು ಇಟ್ಟುಕೊಳ್ಳುವುದು ವಿವೇಕ. ಆ ಅವಧಿಗೆ ತಕ್ಕಷ್ಟು ದೊಡ್ಡದಾಗಿ ಕೋಣೆ ಕಟ್ಟದೆ, ಖರ್ಚು ಉಳಿಸಲು ಅರ್ಧ ವರ್ಷಕ್ಕೆ ತುಂಬುವ ಕೋಣೆ ಕಟ್ಟಿದರೆ, ಅದು ಕಾಯ್ದೆಯ ಗೆರೆಯನ್ನು ಮೀರಿದ ಶೌಚಾಲಯವಾಗುತ್ತದೆ.

ಎರಡನೆಯವರು: ಅಂದರೆ ಗುತ್ತಿಗೆದಾರ ಉಳಿಸಿದ ಇಟ್ಟಿಗೆಯ ಬೆಲೆಯನ್ನು ಆ ಕೋಣೆಯನ್ನು ಖಾಲಿ ಮಾಡುವ ಮನುಷ್ಯ ತನ್ನ ಮೈಯಿಂದ ತೆರಬೇಕಾಗುತ್ತದೆ.

ಮೊದಲನೆಯವರು: ಹೌದು, ಅದಕ್ಕೇ ಅಳತೆಗಳು ಮುಖ್ಯ. ಇನ್ನು ಮೂತ್ರದ ವಿಷಯ. ಸಸ್ಯಕ್ಕೆ ಬೇಕಾದ ಸಾರಜನಕದ ದೊಡ್ಡ ಪಾಲು ಇರುವುದು ಮೂತ್ರದಲ್ಲಿ. ಒಬ್ಬ ವ್ಯಕ್ತಿ ವರ್ಷಕ್ಕೆ ಸುಮಾರು 500 ಲೀಟರ್ ಮೂತ್ರ ವಿಸರ್ಜಿಸುತ್ತಾನೆ. ಭಾರತೀಯರ ಆಹಾರದ ಆಧಾರದ ಮೇಲೆ ಮಾಡಿದ ಅಂದಾಜಿನಂತೆ ವರ್ಷಕ್ಕೆ ಒಬ್ಬರ ಮಲಮೂತ್ರದಲ್ಲಿ ಸುಮಾರು 2.7 ಕಿಲೋ ಸಾರಜನಕ, 0.4 ಕಿಲೋ ರಂಜಕ, 1.5 ಕಿಲೋ ಪೊಟ್ಯಾಸಿಯಂ ಇರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನ ಪ್ರಕಾರ ಫಸಲು ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಬೇಕು. ರಂಜಕ, ಪೊಟ್ಯಾಷ್‌ಗಳನ್ನು ಗೊಬ್ಬರದ ಲೆಕ್ಕಕ್ಕೆ ಪರಿವರ್ತಿಸಿ ಎರಡನ್ನೂ ಎದುರುಬದುರು ಇಟ್ಟರೆ, ಏನೂ ನಷ್ಟವಾಗದಿದ್ದಲ್ಲಿ, ಒಬ್ಬ ವ್ಯಕ್ತಿಯಿಂದ ಐದು ಮರಗಳ ಸಾರಜನಕ, ಹೆಚ್ಚುಕಡಿಮೆ ಮೂರು ಮರಗಳ ರಂಜಕ, ಒಂದೂವರೆ ಮರದ ಪೊಟ್ಯಾಷ್ ದೊರೆಯುತ್ತದೆ. ತೆಂಗು ಪೊಟ್ಯಾಷನ್ನು ಹೆಚ್ಚಾಗಿ ಬೇಡುವ ಬೆಳೆಯಾದ್ದರಿಂದ ಇದೊಂದೇ ಸಾಲದು, ಹೊರಗಿನಿಂದ ಪೊಟ್ಯಾಷ್ ಕೊಡಬೇಕಾಗುತ್ತದೆ. ಹಾಗಿದ್ದರೂ ಐದು ಜನರ ಒಂದು ಮನೆ ಇಪ್ಪತ್ತೈದು ಮರಗಳಿಗೆ ಸಾಕಾಗುವ ಸಾರಜನಕವನ್ನು ಪ್ರತಿವರ್ಷ ಚರಂಡಿಗೆ ಬಿಡುತ್ತಿದೆ. ಆ ಚರಂಡಿಯಿಂದ ಅದೇ ಸಾರಜನಕ ನೈಟ್ರೇಟ್ ರೂಪದಲ್ಲಿ ಕೊಳವೆಬಾವಿಗೆ ಇಳಿಯುತ್ತದೆ. ತೋಟದಲ್ಲಿ ಕೊರತೆಯಾದದ್ದೇ ಬಾವಿಯಲ್ಲಿ ವಿಷವಾಗುತ್ತಿದೆ.

ಎರಡನೆಯವರು: ಈ ಲೆಕ್ಕ ಕಾಗದದ ಮೇಲಿನದು. ಕರ್ನಾಟಕದ ರೈತ ಇದನ್ನು ಒಪ್ಪಿದ ನಿದರ್ಶನ ಇದೆಯೇ?

ಮೊದಲನೆಯವರು: ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳು ಅರ್ಘ್ಯಂ ಪ್ರತಿಷ್ಠಾನದ ನೆರವಿನಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗಸಂದ್ರದಲ್ಲಿ ಇಕೋಸ್ಯಾನ್ ಶೌಚಾಲಯಗಳ ಮೂತ್ರವನ್ನು ಸಂಗ್ರಹಿಸಿ, ಮೆಕ್ಕೆಜೋಳ, ಬಾಳೆ ಮುಂತಾದ ಬೆಳೆಗಳಿಗೆ ಕೊಟ್ಟು ಪರೀಕ್ಷಿಸಿದರು. ಮೂತ್ರದ ಉಪ್ಪಿನಿಂದ ಮಣ್ಣು ಕೆಡದಂತೆ ಜಿಪ್ಸಂ ಸೇರಿಸುವ ಕ್ರಮವನ್ನೂ ಅಲ್ಲಿ ಪರಿಶೀಲಿಸಿದರು. ಬೆಂಗಳೂರಿನ ರಾಜೇಂದ್ರನಗರದ ಕೊಳೆಗೇರಿಯಲ್ಲಿ ಆಕ್ಟ್ಸ್ ಎಂಬ ಸಂಸ್ಥೆ ಮಲ ಮತ್ತು ಮೂತ್ರವನ್ನು ಬೇರೆ ಬೇರೆಯಾಗಿ ಸಂಗ್ರಹಿಸುವ ಸಾರ್ವಜನಿಕ ಶೌಚಾಲಯವನ್ನು ನಡೆಸಿ, ಅಲ್ಲಿ ಕೂಡಿದ್ದನ್ನು ನಗರದ ಹೊರಗಿನ ತನ್ನ ನೆಲಕ್ಕೆ ಸಾಗಿಸಿ, ಗೊಬ್ಬರ ಮಾಡಿ ಬಾಳೆಗೆ ಹಾಕಿತು. ವಿದ್ಯಾರಣ್ಯಪುರದ ಮಳೆನೀರು ತಜ್ಞ ಎಸ್. ವಿಶ್ವನಾಥ್ ತಮ್ಮ ಮನೆಯ ತಾರಸಿಯ ಮೇಲೆಯೇ ಇಂತಹ ಶೌಚಾಲಯವನ್ನು ಇಟ್ಟು, ಅದರ ಗೊಬ್ಬರದಿಂದ ಅಲ್ಲಿಯೇ ಭತ್ತ ಬೆಳೆದು ತೋರಿಸಿದರು.

ಎರಡನೆಯವರು: ಈ ನಿದರ್ಶನಗಳಲ್ಲಿ ರಾಜೇಂದ್ರನಗರದ್ದಕ್ಕೂ ವಿದ್ಯಾರಣ್ಯಪುರದ್ದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ತಾರಸಿಯ ಮೇಲಿನ ಶೌಚಾಲಯವನ್ನು ಬಳಸುವವರು ಅದನ್ನು ತಾವೇ ಆರಿಸಿಕೊಂಡವರು, ತಾವೇ ಖಾಲಿ ಮಾಡುವವರು; ಫಸಲೂ ಅವರದೇ. ಕೊಳೆಗೇರಿಯಲ್ಲಿ ಪೀಪಾಯಿಗಳನ್ನು ಗಾಡಿಗೆ ಏರಿಸುವವರು ಕೂಲಿಗೆ ಬಂದವರು, ಬಾಳೆಗೊನೆ ಬೇರೊಬ್ಬರದು. ಸಂಸ್ಥೆಯ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಒಂದೂವರೆ ವರ್ಷ ಕಾಯದೆ ಹಸಿಯಾಗಿಯೇ ಸಾಗಿಸುವ ಯಾವ ಏರ್ಪಾಡಾದರೂ ಹಳೆಯ ತಲೆಹೊರೆಯನ್ನು ಚಕ್ರದ ಮೇಲೆ ಇಟ್ಟಂತಾಗುತ್ತದೆ.

ಮೊದಲನೆಯವರು: ಒಪ್ಪಬೇಕಾದ ಮಾತು. ಅದಕ್ಕೆ ಎದುರಾಗಿ ಮುಸಿರಿಯ ನಿದರ್ಶನವನ್ನು ಇಡಬಹುದು. ಯಗಚಿ ಗೊರೂರಿನ ಬಳಿ ಹೇಮಾವತಿಯನ್ನು ಕೂಡುತ್ತದೆ, ಹೇಮಾವತಿ ಕಾವೇರಿಯನ್ನು ಕೂಡುತ್ತದೆ. ಅದೇ ಕಾವೇರಿಯ ದಡದಲ್ಲಿ, ತಿರುಚಿರಾಪಳ್ಳಿ ಜಿಲ್ಲೆಯಲ್ಲಿ ಮುಸಿರಿ ಇದೆ. ಬೇಲೂರಿನ ಗುಂಡಿಗಳಿಂದ ಸೋರಿದ್ದು ದಾರಿಯುದ್ದಕ್ಕೂ ಸೇರಿಕೊಂಡ ಉಳಿದ ಊರುಗಳ ಕೊಳೆಯೊಡನೆ ಹರಿಯುವ ದಿಕ್ಕು ಅದೇ. ಅಲ್ಲಿ ಸ್ಕೋಪ್ ಎಂಬ ಸಂಸ್ಥೆಯನ್ನು ಕಟ್ಟಿದ, 2021ರಲ್ಲಿ ಪದ್ಮಶ್ರೀ ಪಡೆದ ಮರಾಚಿ ಸುಬ್ಬುರಾಮನ್ ಅವರು ನದಿದಡದ ಬಡಾವಣೆಯಲ್ಲಿ ಸಮುದಾಯದ ಇಕೋಸ್ಯಾನ್ ಶೌಚಾಲಯವನ್ನು ಸ್ಥಾಪಿಸಿ, ಬಳಸಲು ಬಂದವರಿಂದ ಹಣ ಪಡೆಯುವ ಬದಲು ಬಳಸಿದವರಿಗೇ ಒಂದು ಸಣ್ಣ ಮೊತ್ತವನ್ನು ಕೊಡುವ ಕ್ರಮವನ್ನು ತಂದರು. ಮೊತ್ತ ಚಿಲ್ಲರೆಯದು, ಅದರ ತತ್ತ್ವ ದೊಡ್ಡದು. ಬಡವನ ಮೈಯಿಂದ ಹೊರಬಂದದ್ದಕ್ಕೆ ಹೊಲದಲ್ಲಿ ಬೆಲೆ ಇರುವುದಾದರೆ ಆ ಬೆಲೆಯ ಪಾಲು ಅವನಿಗೂ ಸಲ್ಲಬೇಕು ಎಂದು ಅದು ಸಾರಿತು.

ಎರಡನೆಯವರು: ಸೋತ ಪ್ರಯತ್ನಗಳನ್ನೂ ಹೇಳಬೇಕಲ್ಲವೇ?

ಮೊದಲನೆಯವರು: ಚೀನಾದ ಒಳಮಂಗೋಲಿಯಾದ ಎರ್ಡೋಸ್ ನಗರದಲ್ಲಿ ಸ್ವೀಡನ್ನಿನ ಸಹಯೋಗದೊಡನೆ 800ಕ್ಕೂ ಹೆಚ್ಚು ಮನೆಗಳ ಬಹುಮಹಡಿ ಕಟ್ಟಡಗಳಿಗೆ ಒಣ ಶೌಚಾಲಯಗಳನ್ನು ಅಳವಡಿಸಿದರು. ಕೆಲವೇ ವರ್ಷಗಳಲ್ಲಿ ವಾಸನೆಯ ದೂರುಗಳು, ಕೊಳವೆ ಮತ್ತು ಫ್ಯಾನುಗಳ ದೋಷಗಳು ಹೆಚ್ಚಿ, ನಿವಾಸಿಗಳ ಒತ್ತಾಯಕ್ಕೆ ಮಣಿದು ಅವನ್ನೆಲ್ಲ ತೆಗೆದು ನೀರಿನ ಶೌಚಾಲಯಗಳನ್ನೇ ಇಟ್ಟರು. ದಕ್ಷಿಣ ಆಫ್ರಿಕಾದ ಡರ್ಬನ್ ನಗರಾಡಳಿತ ಹತ್ತಾರು ಸಾವಿರ ಮೂತ್ರ ಬೇರ್ಪಡಿಸುವ ಶೌಚಾಲಯಗಳನ್ನು ಹೊರವಲಯದ ಮನೆಗಳಿಗೆ ಕಟ್ಟಿಸಿಕೊಟ್ಟಿತು, ಅವು ಕೆಲಸವನ್ನೂ ಮಾಡಿದವು. ಆದರೆ ಊರೊಳಗಿನವರಿಗೆ ನೀರಿನದು, ಹೊರಗಿನ ಕಪ್ಪು ಜನರಿಗೆ ಒಣದು ಎಂಬ ಭೇದವನ್ನು ಬಳಸುವವರು ಮರೆಯಲಿಲ್ಲ. ಎರ್ಡೋಸ್‌ನ ಸೋಲು ಎಂಜಿನಿಯರಿಂಗಿನದು, ಅದನ್ನು ತಿದ್ದಬಹುದು. ಡರ್ಬನ್ನಿನ ಅಸಮಾಧಾನವನ್ನು ಯಾವ ಎಂಜಿನಿಯರೂ ತಿದ್ದಲಾರ.

ಎರಡನೆಯವರು: ಆದ್ದರಿಂದಲೇ ಈ ಪ್ರಯೋಗ ಕೇರಿಯಿಂದ ಆರಂಭವಾಗಬಾರದು. ಅರಸೀಕೆರೆಯ ನಗರಸಭೆ ಕಚೇರಿಯಲ್ಲಿ, ಬೇಲೂರಿನ ಪುರಸಭೆಯಲ್ಲಿ, ಅಧಿಕಾರಿಗಳು ಸ್ವತಃ ಬಳಸುವ ಶೌಚಾಲಯ ಮೊದಲು ಬದಲಾಗಲಿ.

ಮೊದಲನೆಯವರು: ಹಾಗೆ ಮಾಡಿದರೆ ಕೇರಿ ಮತ್ತೆ ಹತ್ತು ವರ್ಷ ಕಾಯಬೇಕಾಗುವ ಅಪಾಯವಿದೆ. ಎರಡೂ ಒಟ್ಟಿಗೆ ಆಗಬೇಕು. ಕೇರಿಯವರ ಮುಂದೆ ಒಣದೊಂದನ್ನೇ ಇಡದೆ ಆಯ್ಕೆಯನ್ನು ಇಡಬೇಕು. ಎರಡು ಗುಂಡಿಯ ಶೌಚಾಲಯವೂ ಗೊಬ್ಬರದ ಶೌಚಾಲಯವೇ ಎಂಬುದನ್ನು ತಿಳಿಸಬೇಕು. ಎರಡು ಲೀಟರಿನಷ್ಟು ನೀರು ಸುರಿದರೆ ಸಾಕಾಗುವ, ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವ ಈ ರಚನೆಯನ್ನು ಸುಲಭ್ ಸಂಸ್ಥೆಯ ಬಿಂದೇಶ್ವರ ಪಾಠಕ್ 1970ರ ದಶಕದಿಂದ ದೇಶದಾದ್ಯಂತ ಹರಡಿದರು. ಅರಸೀಕೆರೆಯಂತಹ ಅಂತರ್ಜಲ ಆಳಕ್ಕಿಳಿದ ಕಡೆ, ಬಾವಿಯಿಂದ ದೂರದಲ್ಲಿ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಲಿ ಇನ್ನೊಂದು ಅನುಕೂಲವೂ ಇದೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವಾಗ ಉದುರುವ ಪುಡಿ ಆ ಸೀಮೆಯಲ್ಲಿ ರಾಶಿಗಟ್ಟಲೆ ಬೀಳುತ್ತದೆ. ಇಂಗಾಲ ಹೆಚ್ಚಾಗಿರುವ, ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುವ ಅದು ಒಣ ಕೋಣೆಯ ಮೇಲುಹೊದಿಕೆಗೆ ತೀರಾ ಒಪ್ಪುವ ವಸ್ತು. ಹಸಿ ಮಲದ ಮೇಲೆ ಎರಡು ಬೆರಳು ದಪ್ಪಕ್ಕೆ ಅದನ್ನು ಹರಡಿದರೆ ನೊಣ ಕೂರುವುದಿಲ್ಲ, ವಾಸನೆ ಮೇಲೇಳುವುದಿಲ್ಲ. ಆದರೆ ಅದು ಕ್ಷಾರವಲ್ಲದ್ದರಿಂದ ಬೂದಿಯನ್ನೋ ಸುಣ್ಣವನ್ನೋ ಜೊತೆಗೆ ಸೇರಿಸಲೇಬೇಕು. ಅನಿಲದ ಒಲೆ ಬಂದ ಮೇಲೆ ಮನೆಗಳಲ್ಲಿ ಬೂದಿ ಕಡಿಮೆಯಾಗಿದೆ, ಹೋಟೆಲುಗಳ ಸೌದೆ ಒಲೆಗಳಿಂದ ಅದನ್ನು ತರಿಸುವ ಏರ್ಪಾಡು ಬೇಕಾಗುತ್ತದೆ.

ಎರಡನೆಯವರು: ಬೇಲೂರಿಗೆ ಈ ಎರಡು ಗುಂಡಿ ಹೊಂದುವುದೇ?

ಮೊದಲನೆಯವರು: ನದಿಗೆ ಹತ್ತಿರದ ತಗ್ಗಿನಲ್ಲಿ ಹೊಂದುವುದಿಲ್ಲ. ಮಳೆಗಾಲದಲ್ಲಿ ನೆಲದೊಳಗಿನ ನೀರು ಗುಂಡಿಯ ಮಟ್ಟಕ್ಕೇ ಏರಿದರೆ ಮಲ ಕೊಳೆಯುವ ಬದಲು ನೆನೆಯುತ್ತದೆ, ಪಕ್ಕದ ಬಾವಿಗೆ ರೋಗಾಣು ನುಸುಳುತ್ತದೆ. ಅಲ್ಲಿ ನೆಲದ ಮೇಲೆ ಎತ್ತರಿಸಿ ಕಟ್ಟಿದ ಕೋಣೆಗಳೇ ಸುರಕ್ಷಿತ. ಮೇಲುಹೊದಿಕೆಗೆ ಕಾಫಿಯ ಹೊಟ್ಟು ಸಿಗುತ್ತದೆ. ಮೂತ್ರವನ್ನು ಕಾಫಿಗೋ ಮೆಕ್ಕೆಜೋಳಕ್ಕೋ ಹಾಕುವ ಮುನ್ನ ಮುಚ್ಚಿದ ಡಬ್ಬಿಯಲ್ಲಿ ಆರು ತಿಂಗಳು ಇಡುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕ್ರಮ. ಆ ಆರು ತಿಂಗಳ ಡಬ್ಬಿಗಳಿಗೆ ಬಡ ಮನೆಯ ಅಂಗಳದಲ್ಲಿ ಜಾಗವಿರುವುದಿಲ್ಲವಾದ್ದರಿಂದ ಪುರಸಭೆಯೇ ಸಾಮಾನ್ಯ ತೊಟ್ಟಿಯನ್ನು ಕಟ್ಟಿಸಬೇಕು.

ಎರಡನೆಯವರು: ಹಳೇಬೀಡಿನ ಕಷ್ಟ ಬೇರೆಯದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರ ಸೌಕರ್ಯದ ಮಾತು ಹೆಚ್ಚಾಗಿದೆ. ಆದರೆ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆಗಿನ 200 ಮೀಟರಿಗೆ ನಿರ್ಬಂಧ ಇರುವುದರಿಂದ, ಅಲ್ಲಿ ಬಾಳುವ ಬಡವರು ಶೌಚಾಲಯ ಕಟ್ಟಿಕೊಳ್ಳಲು ಹೊರಟರೆ ಅನುಮತಿಗಾಗಿ ಅಲೆಯಬೇಕಾಗುತ್ತದೆ.

ಮೊದಲನೆಯವರು: ಈ ನಿಷೇಧ ಹಾಕುವ ಸ್ಮಾರಕ ಸಂರಕ್ಷಣೆಯ ಕಾಯ್ದೆಯ 2010ರ ತಿದ್ದುಪಡಿಯನ್ನು ಓದಿದರೆ ಒಂದು ಬಾಗಿಲು ಕಾಣುತ್ತದೆ. ನಿರ್ಮಾಣ ಎಂಬುದರ ವ್ಯಾಖ್ಯೆಯಿಂದ ಚರಂಡಿ ಕೆಲಸಗಳನ್ನೂ ಸಾರ್ವಜನಿಕ ಶೌಚಾಲಯಗಳನ್ನೂ ಅದು ಹೊರಗಿಟ್ಟಿದೆ. ಮನೆಗೊಂದು ಶೌಚಾಲಯಕ್ಕೆ ತೊಡಕಿದ್ದರೂ, ಕೆಲವು ಮನೆಗಳು ಹಂಚಿಕೊಳ್ಳುವ ಸಾರ್ವಜನಿಕ ಶೌಚಾಲಯಕ್ಕೆ ಕಾನೂನಿನ ಈ ಅವಕಾಶವಿದೆ. ಅದಕ್ಕಿಂತ ಮುಖ್ಯವಾದದ್ದು, ನೆಲದ ಮೇಲೆ ಕಟ್ಟುವ ಇಕೋಸ್ಯಾನ್ ಕೋಣೆಗೆ ಆಳವಾಗಿ ಅಗೆಯಬೇಕಾಗಿಲ್ಲ. ಒಂದು ಕಾಲದ ರಾಜಧಾನಿಯಾಗಿದ್ದ, ಅರಮನೆಯ ತಳಪಾಯಗಳು ಮಣ್ಣಿನಡಿ ಸಿಕ್ಕಿರುವ ಊರಿನಲ್ಲಿ ಸೆಪ್ಟಿಕ್ ಟ್ಯಾಂಕಿಗಾಗಿ ಹತ್ತಡಿ ಅಗೆಯುವುದಕ್ಕಿಂತ ಇದು ಪುರಾತತ್ತ್ವ ಇಲಾಖೆಗೂ ಒಪ್ಪಿಗೆಯಾಗಬಹುದಾದ ದಾರಿ. ಪ್ರವಾಸಿಗರ ಬಳಕೆಗೂ ಅದೇ ಮಾದರಿಯದನ್ನು ಕಟ್ಟಿದರೆ, ಬಡವರಿಗೊಂದು, ಬಂದವರಿಗೊಂದು ಎಂಬ ಭೇದ ಅಲ್ಲಿಯಾದರೂ ಇರುವುದಿಲ್ಲ.

ಎರಡನೆಯವರು: ಇದೆಲ್ಲ ಹೊಸದಾಗಿ ಕಟ್ಟುವ ಮಾತು. ಈಗಾಗಲೇ ಮೂರೂ ಊರುಗಳ ಮನೆಗಳ ಕೆಳಗಿರುವ ಒಂಟಿ ಗುಂಡಿಗಳ ಗತಿ ಏನು? ತುಂಬಿದಾಗ ಸಕ್ಕಿಂಗ್ ಯಂತ್ರದ ಲಾರಿ ಬರುತ್ತದೆ; ಲಾರಿ ನುಗ್ಗದ ಓಣಿಗಳಲ್ಲಿ ಮನುಷ್ಯ ಇಳಿಯುತ್ತಾನೆ, ವಿಷಾನಿಲಕ್ಕೆ ಸಿಕ್ಕಿ ಸಾಯುತ್ತಾನೆ. ಒಳಚರಂಡಿ ಮತ್ತು ಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂದದ್ದೇ ಸಾವು ನಿಲ್ಲಲಿಲ್ಲ ಎಂಬುದಕ್ಕೆ ಸಾಕ್ಷಿ.

ಮೊದಲನೆಯವರು: ಅದಕ್ಕೆ ರಾಜ್ಯದೊಳಗೇ ಒಂದು ದಾರಿ ಸಿಕ್ಕಿದೆ. ಒಳಚರಂಡಿ ಇಲ್ಲದ ದೇವನಹಳ್ಳಿಯಲ್ಲಿ ಸಿಡಿಡಿ ಸೊಸೈಟಿ 2015ರಲ್ಲಿ ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಮಲಕೆಸರು ಸಂಸ್ಕರಣಾ ಘಟಕವನ್ನು ಸ್ಥಾಪಿಸಿತು. ಇಡೀ ಪಟ್ಟಣವೊಂದಕ್ಕಾಗಿ ಕಟ್ಟಿದ ಇಂತಹ ಘಟಕಗಳಲ್ಲಿ ದೇಶಕ್ಕೇ ಇದು ಮೊದಲಿನದು. ಮಲಕೆಸರು ಎಂದರೆ ಗುಂಡಿಯ ತಳದಲ್ಲಿ ಅರೆಕೊಳೆತು ನಿಂತ ಗಟ್ಟಿಯಾದ ರಾಡಿ. ಲಾರಿ ತಂದ ಆ ರಾಡಿಯಿಂದ ನೀರನ್ನು ಬೇರ್ಪಡಿಸಿ, ಒಣಗುಹಾಸುಗಳ ಮೇಲೆ ಒಣಗಿಸಿ, ಊರಿನ ಹಸಿ ಕಸದೊಡನೆ ಬೆರೆಸಿ ದೊಡ್ಡ ರಾಶಿಗಳಲ್ಲಿ ಕಾಂಪೋಸ್ಟ್ ಮಾಡುವುದು ಅಲ್ಲಿನ ಕ್ರಮ. ಮನೆಯ ಸಣ್ಣ ಕೋಣೆಯಲ್ಲಿ ಏಳದ ಬಿಸಿ ಈ ದೊಡ್ಡ ರಾಶಿಯಲ್ಲಿ ಏಳುತ್ತದೆ. ಇಂತಹ ಘಟಕ ಇಲ್ಲದ ಕಡೆಗಳಲ್ಲಿ ಲಾರಿಯವರು ಅದೇ ರಾಡಿಯನ್ನು ಹಸಿಯಾಗಿಯೇ ತೋಟಗಳಿಗೆ ಮಾರುತ್ತಾರೆ, ಇಲ್ಲವೇ ಹಳ್ಳಕ್ಕೆ ಸುರಿಯುತ್ತಾರೆ. ಬೆಂಗಳೂರಿನ ಸುತ್ತಲಿನ ರೈತರು ತೆಂಗು ಬಾಳೆಗಳ ಸಾಲಿನ ನಡುವೆ ಕಂದಕ ತೋಡಿ ಅದನ್ನು ಒಣಗಿಸಿ ಬಳಸುತ್ತಿದ್ದಾರೆ. ರೈತನಿಗೆ ಇದರ ಬೆಲೆ ಗೊತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ. ಅವನ ಕೂಲಿಯಾಳಿನ ಬರಿಗಾಲಿಗೆ ಅಂಟುವ ಜಂತುಮೊಟ್ಟೆಯ ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ. ಅರಸೀಕೆರೆಯೂ ಬೇಲೂರು ಹಳೇಬೀಡುಗಳೂ ತಮ್ಮ ತಮ್ಮ ಕಸದ ಗೊಬ್ಬರದ ಅಂಗಳದ ಪಕ್ಕದಲ್ಲೇ ಇಂತಹ ಸಣ್ಣ ಘಟಕಗಳನ್ನು ನಡೆಸುವುದು ಅಸಾಧ್ಯವೇನಲ್ಲ.

ಎರಡನೆಯವರು: ಮತ್ತೆ ಮೊದಲಿನ ಪ್ರಶ್ನೆಗೇ ಬರಬೇಕಾಗುತ್ತದೆ. ಒಂದೂವರೆ ವರ್ಷ ಕಳೆದು ಕೋಣೆಯೊಳಗಿನದು ಮಣ್ಣೇ ಆಗಿರಲಿ, ಅದರ ಬಾಗಿಲು ತೆರೆಯುವ ಕೆಲಸಕ್ಕೆ ಊರು ಯಾರನ್ನು ಕರೆಯುತ್ತದೆ? ತಿಪ್ಪೆಯ ಗೊಬ್ಬರವನ್ನು ಎಲ್ಲ ಜಾತಿಯ ರೈತರೂ ಕೈಯಾರೆ ಬುಟ್ಟಿಗೆ ತುಂಬುತ್ತಾರೆ. ಈ ಗೊಬ್ಬರ ಬಂದಾಗ ಮಾತ್ರ ಅದೇ ಕೇರಿಗೆ ಆಳು ಹೋಗುತ್ತದೆ. ವಿಜ್ಞಾನ ಅದನ್ನು ಮಣ್ಣೆಂದರೂ ಜಾತಿ ಅದನ್ನು ಮಲವೆಂದೇ ನೆನಪಿಟ್ಟುಕೊಳ್ಳುತ್ತದೆ.

ಮೊದಲನೆಯವರು: ಇದಕ್ಕೆ ಮಣ್ಣುವಿಜ್ಞಾನದಲ್ಲಿ ಉತ್ತರವಿಲ್ಲ.

ಎರಡನೆಯವರು: ಆಡಳಿತದಲ್ಲಿ ಇರಬೇಕು, ಅದೂ ಕಟ್ಟುವ ಮೊದಲೇ, ಟೆಂಡರಿನ ಕಾಗದದಲ್ಲಿಯೇ. ಕೋಣೆ ಮುಚ್ಚಿದ ದಿನಾಂಕವನ್ನೂ ತೆರೆಯಬಹುದಾದ ದಿನಾಂಕವನ್ನೂ ಬಾಗಿಲ ಮೇಲೆ ಬಣ್ಣದಲ್ಲಿ ಬರೆಯಬೇಕು; ಕೃಷಿ ಇಲಾಖೆಯ ಅಥವಾ ವಿಶ್ವವಿದ್ಯಾಲಯದ ಪ್ರಯೋಗಾಲಯ ಜಂತುಮೊಟ್ಟೆಯ ಪರೀಕ್ಷೆ ಮಾಡಿ ಬರಹದಲ್ಲಿ ಒಪ್ಪಿಗೆ ಕೊಡುವವರೆಗೆ ಬೀಗ ತೆಗೆಯಬಾರದು. ತೆರೆಯುವ ಕೆಲಸ ಗೊಬ್ಬರ ಕೊಳ್ಳುವ ರೈತನದಾಗಿರಬೇಕು. ತನ್ನ ತೋಟಕ್ಕೆ ಬೇಕಾದವನು ತಾನೇ ಬಂದು ತುಂಬಿಕೊಂಡು ಹೋಗಲಿ. ಅದು ಸಾಧ್ಯವಾಗದ ಕಡೆ ನಗರಸಭೆ ಅದನ್ನು ಗೊಬ್ಬರ ಘಟಕದ ತಾಂತ್ರಿಕ ಹುದ್ದೆಯೆಂದು ಪ್ರಕಟಿಸಿ, ಎಲ್ಲ ಜಾತಿಯವರಿಂದ ಅರ್ಜಿ ಕರೆದು, ಖಾಯಂ ವೇತನ ಕೊಡಬೇಕು. ಪೌರಕಾರ್ಮಿಕರ ಪಟ್ಟಿಯಿಂದ ಹೆಸರು ಆರಿಸಿ ಕಳುಹಿಸುವುದನ್ನು ಲಿಖಿತವಾಗಿ ನಿಷೇಧಿಸಬೇಕು.

ಮೊದಲನೆಯವರು: ಕೊಳ್ಳುವ ರೈತ ತಾನೇ ತೆರೆಯಬೇಕೆಂದರೆ ಮೊದಲ ವರ್ಷಗಳಲ್ಲಿ ಕೊಳ್ಳುವವರೇ ಬಾರದಿರಬಹುದು.

ಎರಡನೆಯವರು: ಬಾರದಿದ್ದರೆ ಕೋಣೆ ಇನ್ನೂ ಒಂದು ವರ್ಷ ಮುಚ್ಚಿಯೇ ಇರಲಿ, ಗೊಬ್ಬರ ಹಾಳಾಗುವುದಿಲ್ಲ. ಮೂರನೆಯ ಕೋಣೆಯೊಂದನ್ನು ಕಟ್ಟಲು ತಗಲುವ ಇಟ್ಟಿಗೆ ಸಿಮೆಂಟಿನ ಖರ್ಚನ್ನು ಯೋಜನೆಯ ಅಂದಾಜುಪಟ್ಟಿಯಲ್ಲಿ ಆರಂಭದಲ್ಲೇ ಸೇರಿಸಿಕೊಳ್ಳಬೇಕು.

ಮೊದಲನೆಯವರು: ಸೇರಿಸಬಹುದು. ಅಳತೆಯನ್ನು ಮೂರು ಕೋಣೆಗೆ ಹಾಕಿಕೊಂಡೇ ಅರಸೀಕೆರೆಯ ನಕ್ಷೆಯನ್ನು ಬರೆಯಬೇಕಾಗುತ್ತದೆ.